ರಾಜಲಬಂಡಾ: ಗೋಡೆ ನಮ್ಮ ಜಿಲ್ಲ್ಯಾಗ, ಹೊಲ ಪಕ್ಕದ ರಾಜ್ಯದಾಗ

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ, ಕರೆಂಟ್ ಯಾವಾಗ ಬರ್ತದ ಅಂತ ಮೋಟರ್ ಹತ್ತಿರ ಕಾಯ್ಕೊಂತ ಕೂತವರಿಗೆ, ರೀಲ್ಸ್ ನೋಡಿ ಬ್ಯಾಸರಾಗಿ ಇಲ್ಲಿಗೆ ಬಂದವರಿಗೆ, ಎಲ್ಲರಿಗೂ ಸ್ವಾಗತ. ಕೇಳೋಕೆ ಟೈಮ್ ಇಲ್ಲದವರಿಗಾಗಿ ಈ ಸಂಚಿಕೆಯನ್ನ ಬರಹದಲ್ಲೂ ಕೊಡ್ತಾ ಇದ್ದೀನಿ.

ಗುಂಜಹಳ್ಳಿ ಕಡೆಯ ಒಬ್ಬ ತಮ್ಮ ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣಾ, ಆರ್‌ಡಿಎಸ್ ಆರ್‌ಡಿಎಸ್ ಅಂತ ಪೇಪರಿನಾಗ ಬರ್ತದಲ್ಲ, ಅದು ಇರೋದು ನಮ್ಮ ಜಿಲ್ಲ್ಯಾಗ. ಆದ್ರ ಜಗಳ ಮಾಡೋರು ತೆಲಂಗಾಣದವರು, ಆಂಧ್ರದವರು. ನಮ್ಮವರು ನಡುವ ಸುಮ್ಮನ ನಿಂತಿರ್ತಾರ. ಇದೇನು ಲೆಕ್ಕ?"

ಒಳ್ಳೆ ಪ್ರಶ್ನೆ. ನಾನು ಓದಿದ್ದು ಬಿಕಾಂ, ಹಾಗಾಗಿ "ಇದೇನು ಲೆಕ್ಕ" ಅಂದ ಕೂಡಲೇ ಕಿವಿ ನೆಟ್ಟಗಾಗ್ತವೆ. ಆದರೆ ಈ ಲೆಕ್ಕದ ಪುಸ್ತಕ ತೆರೆದರೆ ಮೊದಲ ಎಂಟ್ರಿ 1800ನೇ ಇಸವಿಗೆ ಹೋಗಿ ನಿಲ್ಲುತ್ತದೆ. ನಿಜಾಮ, ಈಸ್ಟ್ ಇಂಡಿಯಾ ಕಂಪನಿ, ಲಂಡನ್ನಿನ ಷೇರುದಾರರು, ಎಲ್ಲರೂ ಈ ಖಾತೆಯಲ್ಲಿ ಇದ್ದಾರೆ.

ಮೊದಲು ಜಾಗ ಎಲ್ಲಿದೆ ನೋಡೋಣ. ಫೋನಿನಲ್ಲಿ ಮ್ಯಾಪ್ ತೆಗೆದು ಸ್ಯಾಟಲೈಟ್ ವ್ಯೂ ಹಾಕ್ರಿ. ಮಾನ್ವಿಯಿಂದ ಕೆಳಗೆ, ದಕ್ಷಿಣಕ್ಕೆ ಬೆರಳು ಎಳೀರಿ. ತುಂಗಭದ್ರಾ ಸಿಗ್ತಾಳೆ. ಹೊಳೆ ಗುಂಟ ಬಲಕ್ಕೆ, ಅಂದ್ರೆ ಪೂರ್ವಕ್ಕೆ ಹೋಗ್ತಾ ಇರ್ರಿ. ಒಂದು ಕಡೆ ಹೊಳೆಗೆ ಅಡ್ಡ ಒಂದು ಗೆರೆ ಕಾಣ್ತದೆ. ಗೆರೆಯ ಮೇಲ್ಗಡೆ ನೀರು ಅಗಲವಾಗಿ, ನಿಂತ ಹಾಗೆ, ಒಂದು ಬಣ್ಣದಲ್ಲಿ ಇರುತ್ತದೆ. ಕೆಳಗಡೆ ಬರೀ ಬಂಡೆ, ಮರಳು, ಅಲ್ಲಲ್ಲಿ ಮಡು. ಆ ಗೆರೆಯೇ ರಾಜಲಬಂಡಾ ಆನಿಕಟ್. ಹಳೆಯ ಇಂಗ್ಲಿಷ್ ಕಡತಗಳಲ್ಲಿ ರಾಜೋಳಿಬಂಡಾ ಅಂತ ಬರುತ್ತದೆ. ಕೆಳಗೆ ತೆಲಂಗಾಣದ ದಂಡೆಯಲ್ಲಿ ರಾಜೋಳಿ ಅನ್ನೋ ಬೇರೆ ಊರೇ ಇದೆ, ಅದರ ಜೊತೆ ಕಲಸಿಕೊಳ್ಳಬೇಡ್ರಿ.

ಗೆರೆಯ ಹಿಂದೆ ನಿಂತಿರುವ ಆ ನೀರಿಗೆ ಏನನ್ನೋದು? ಡ್ಯಾಂ ಅನ್ನೋಕೆ ಆಗಲ್ಲ, ಅಷ್ಟು ದೊಡ್ಡದಲ್ಲ. ಕೆರೆ ಅನ್ನೋಕೂ ಆಗಲ್ಲ, ಯಾಕಂದ್ರೆ ಅದು ಹೊಳೆಯ ಒಡಲೊಳಗೇ ಇದೆ, ದಂಡೆ ದಾಟಿ ಊರು ಮುಳುಗಿಸಿ ಹರಡಿಕೊಂಡಿಲ್ಲ. ನಾನು ಅದಕ್ಕೆ ಹೊಳೆಯೊಳಗಿನ ಕೆರೆ ಅಂತೀನಿ. ಇಡೀ ಜಗಳ ಇರೋದು ಈ ಸಣ್ಣ ಕೆರೆಯ ಮಟ್ಟದ ಮೇಲೆ. ಒಂದು ಅಡಿ ಮೇಲೆ ಇದ್ದರೆ ಒಬ್ಬರ ಭತ್ತ ಬದುಕುತ್ತದೆ, ಒಂದು ಅಡಿ ಕೆಳಗೆ ಹೋದರೆ ಇನ್ನೊಬ್ಬರದು.

ಆನಿಕಟ್ ಅನ್ನೋ ಪದ ಇಂಗ್ಲಿಷಿನದು ಅಂತ ಬಹಳ ಮಂದಿ ತಿಳ್ಕೊಂಡಾರ. ಅಲ್ಲರೀ. ನಮ್ಮ ಅಣೆಕಟ್ಟು, ತಮಿಳಿನ ಅಣೈಕಟ್ಟು, ಅದನ್ನೇ ಇಂಗ್ಲಿಷರು ಮದ್ರಾಸ್ ಕಡೆ ಕೇಳಿ ಆನಿಕಟ್ ಮಾಡಿಕೊಂಡರು. ಆಮೇಲೆ ಸರ್ಕಾರಿ ಕಡತದ ದಾರಿಯಲ್ಲಿ ಅದು ನಮ್ಮ ಊರಿಗೇ ವಾಪಸ್ ಬಂತು. ಪದ ಒಂದು ಸುತ್ತು ಹಾಕಿ ಮನೆಗೆ ಬಂದಿದೆ, ಅಷ್ಟೇ.

ಡ್ಯಾಂಗೂ ಆನಿಕಟ್‌ಗೂ ಏನು ವ್ಯತ್ಯಾಸ? ಡ್ಯಾಂ ಅಂದ್ರೆ ಫಿಕ್ಸೆಡ್ ಡಿಪಾಸಿಟ್. ಮಳೆಗಾಲದಲ್ಲಿ ಇಟ್ಟು ಬೇಸಿಗೆಯಲ್ಲಿ ತೆಗೆಯಬಹುದು. ಆನಿಕಟ್ ಅಂದ್ರೆ ಕರೆಂಟ್ ಅಕೌಂಟ್. ಇವತ್ತು ಬಂದದ್ದು ಇವತ್ತೇ ಹೋಗ್ತದ, ಬ್ಯಾಲೆನ್ಸ್ ಅಂತ ಹೆಚ್ಚು ಉಳಿಯಲ್ಲ. ಹೊಳೆಗೆ ಅಡ್ಡ ಒಂದು ಗಿಡ್ಡ ಗೋಡೆ ಕಟ್ಟುತ್ತಾರೆ. ನೀರು ಗೋಡೆಗೆ ಬಂದು ತಾಗಿ ಸ್ವಲ್ಪ ಏರುತ್ತದೆ. ಏರಿದ ನೀರು ದಂಡೆಯಲ್ಲಿರೋ ಕಾಲುವೆಯ ಬಾಯಿಗೆ ಹೋಗುತ್ತದೆ. ಹೆಚ್ಚಾದದ್ದು ಗೋಡೆ ಹತ್ತಿ ಆಚೆ ಬಿದ್ದು ಮುಂದೆ ಹರಿಯುತ್ತದೆ. ಗೋಡೆಯಲ್ಲಿ ಕೆಳಮಟ್ಟದಲ್ಲಿ ಕೆಲವು ತೂಬು ಇರುತ್ತವೆ. ಹಿಂದೆ ಕೂತ ಹೂಳನ್ನ ಪ್ರವಾಹದ ಕಾಲದಲ್ಲಿ ಆ ತೂಬು ತೆಗೆದು ಹೊರಗೆ ತಳ್ಳಬೇಕು. ಈ ತೂಬುಗಳನ್ನ ನೆನಪಲ್ಲಿ ಇಟ್ಕೊಳ್ರಿ, ಮುಂದೆ ಇವೇ ಮುಖ್ಯ ಪಾತ್ರಧಾರಿಗಳು.

ತುಂಗಭದ್ರೆಗೆ ಆನಿಕಟ್ ಕಟ್ಟೋದು ಇಂಗ್ಲಿಷರು ಕಲಿಸಿದ್ದಲ್ಲ, ನಿಜಾಮ ಕಲಿಸಿದ್ದೂ ಅಲ್ಲ. ವಿಜಯನಗರದ ಕಾಲದಿಂದ ಹೊಸಪೇಟೆ, ಆನೆಗೊಂದಿ, ಕಂಪ್ಲಿ, ಸಿರುಗುಪ್ಪದವರೆಗೆ ಸಾಲು ಸಾಲು ಒಡ್ಡುಗಳು, ಕಾಲುವೆಗಳು ಇವೆ. ಆ ಪಟ್ಟಿಯ ಕೊನೆಯ ಹೆಸರುಗಳಲ್ಲಿ ನಮ್ಮ ರಾಯಚೂರು ತಾಲೂಕಿನ ಬಿಚ್ಚಾಲಿ ಕಾಲುವೆಯೂ ಒಂದು. ಯಾಕೆ ಇಷ್ಟು ಒಡ್ಡು? ನಮ್ಮ ಮಳೆ ನೋಡ್ರಿ. ತುಂಗೆ, ಭದ್ರೆ ಹುಟ್ಟೋ ಪಶ್ಚಿಮ ಘಟ್ಟದಲ್ಲಿ, ಆಗುಂಬೆಯಂಥ ಕಡೆ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ ಆರೇಳು ನೂರು. ಕೂಡ್ಲಿಯಲ್ಲಿ ಕೂಡಿದ ಮೇಲೆ ಹೊಳೆ ಐನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಬೇರೆಯವರ ಮಳೆಯನ್ನ ಹೊತ್ತು ತರುತ್ತದೆ. ನಮ್ಮ ಮುಂದೆ ಹಾದು ಹೋಗುವಾಗ ಹಿಡಿದವರಿಗೆ ಹಿಡಿದಷ್ಟು.

ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ನಮ್ಮ ನೆಲಕ್ಕೆ ಹಳೆಯ ಕನ್ನಡದಲ್ಲಿ ಎಡೆದೊರೆ ನಾಡು ಅಂತಿದ್ದರು, ಎರಡು ತೊರೆಗಳ ನಡುವಿನ ನಾಡು. ಪಾರ್ಸಿಯವರು ಬಂದು ದೋಆಬ್ ಅಂದರು, ಎರಡು ನೀರು ಅಂತ ಅರ್ಥ. ಎರಡು ಹೊಳೆ ನಡುವೆ ಇದ್ದೂ ಬರಗಾಲದ ಜಿಲ್ಲೆ ಅನ್ನೋ ಹೆಸರು. ಹೊಳೆ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ವಿಷಯ ಅಷ್ಟೇ.

ಈಗ 1800ಕ್ಕೆ ಬರೋಣ.

ಟಿಪ್ಪು ಸುಲ್ತಾನ್ ಸತ್ತ ಮರುವರ್ಷ. ಹೈದರಾಬಾದಿನ ನಿಜಾಮ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಕಡಪ ಸೀಮೆಯನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಾರಣ, ಕಂಪನಿಯ ಸೈನ್ಯ ಹೈದರಾಬಾದಿನಲ್ಲಿ ಬೀಡುಬಿಟ್ಟಿತ್ತು, ಅದರ ಖರ್ಚು ಕೊಡಬೇಕಿತ್ತು. ರೊಕ್ಕದ ಬದಲು ನೆಲ. ಅದಕ್ಕೇ ಆ ಸೀಮೆಗೆ ದತ್ತಮಂಡಲ ಅಂತ ಹೆಸರು ಬಿತ್ತು, ದತ್ತ ಅಂದ್ರೆ ಕೊಟ್ಟದ್ದು. ಅಲ್ಲಿಂದ ತುಂಗಭದ್ರಾ ಗಡಿಯಾದಳು. ಉತ್ತರ ದಂಡೆ ನಿಜಾಮನದು, ದಕ್ಷಿಣ ದಂಡೆ ಮದ್ರಾಸಿನದು. ಕರ್ನೂಲಿನ ನವಾಬ ಮಾತ್ರ ನಡುವೆ ಉಳಿದಿದ್ದ, 1839ರಲ್ಲಿ ಅವನನ್ನೂ ತೆಗೆದರು.

ಮಂತ್ರಾಲಯಕ್ಕೆ ಹೋದವರಿಗೆ ಮನ್ರೋ ಸಾಹೇಬನ ಕಥೆ ಗೊತ್ತಿರುತ್ತದೆ. ಮಠದ ಇನಾಂ ಭೂಮಿ ವಿಚಾರಕ್ಕೆ ಬಂದ ಇಂಗ್ಲಿಷ್ ಅಧಿಕಾರಿಗೆ ರಾಯರು ಬೃಂದಾವನದಿಂದಲೇ ಮಾತಾಡಿದರು ಅನ್ನೋ ಕಥೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಆ ಥಾಮಸ್ ಮನ್ರೋ 1800ರಿಂದ 1807ರವರೆಗೆ ದತ್ತಮಂಡಲದ ಪ್ರಿನ್ಸಿಪಾಲ್ ಕಲೆಕ್ಟರ್ ಆಗಿದ್ದದ್ದು ಇತಿಹಾಸ. ಮಂತ್ರಾಲಯ ಇರೋದು ದಕ್ಷಿಣ ದಂಡೆಯಲ್ಲಿ. ಹಾಗಾಗಿ ಕಥೆಯೊಳಗೆ ಇಂಗ್ಲಿಷ್ ಸಾಹೇಬ ಬಂದ. ಎದುರು ದಂಡೆಯ ಬಿಚ್ಚಾಲಿಯಲ್ಲಿ ನಡೆದಿದ್ದರೆ ಕಥೆಯಲ್ಲಿ ನಿಜಾಮನ ತಹಶೀಲ್ದಾರ ಬರಬೇಕಿತ್ತು.

ನಮ್ಮ ದಂಡೆ ಪೂರ್ತಿ ನಿಜಾಮನದೇ ಆಗಿ ಉಳಿಯಲಿಲ್ಲ. ಇದು ನಮ್ಮ ಜಿಲ್ಲೆಯ ಹುಡುಗರಿಗೇ ಗೊತ್ತಿಲ್ಲದ ಅಧ್ಯಾಯ. 1853ರಿಂದ 1860ರವರೆಗೆ, ಏಳು ವರ್ಷ, ರಾಯಚೂರು ದೋಆಬ್ ಬ್ರಿಟಿಷರ ಕೈಯಲ್ಲಿತ್ತು. ಹೈದರಾಬಾದ್ ಕಂಟಿಂಜೆಂಟ್ ಅಂತ ಒಂದು ಸೈನ್ಯ. ಹೆಸರು ಹೈದರಾಬಾದಿನದು, ಅಧಿಕಾರಿಗಳು ಇಂಗ್ಲಿಷರು, ಬಿಲ್ ಮಾತ್ರ ನಿಜಾಮನಿಗೆ. ಬಿಲ್ ಕಟ್ಟೋಕಾಗದೆ ಬಾಕಿ ಬೆಳೆಯಿತು. ಗವರ್ನರ್ ಜನರಲ್ ಡಾಲ್‌ಹೌಸಿ ಬಿಡಲಿಲ್ಲ. 1853ರ ಮೇ ತಿಂಗಳ ಒಪ್ಪಂದದಲ್ಲಿ ಬೇರಾರ್, ಧಾರಾಶಿವ ಸೀಮೆ ಮತ್ತು ನಮ್ಮ ರಾಯಚೂರು ದೋಆಬ್, ಮೂರನ್ನೂ ಕಂಪನಿ ವಶಕ್ಕೆ ತಗೊಂಡಿತು.

ಬಿಕಾಂ ಭಾಷೆಯಲ್ಲಿ ಹೇಳಬೇಕಂದ್ರೆ ನಾವು ಅಡಮಾನದ ಆಸ್ತಿ. ಇಎಂಐ ಕಟ್ಟಿಲ್ಲ, ಬ್ಯಾಂಕ್ ಬಂದು ಬೀಗ ಹಾಕಿತು. ಒಂದೇ ವ್ಯತ್ಯಾಸ, ಆ ಸಾಲ ತಗೋಬೇಕು ಅಂತ ಹೇಳಿದ್ದೂ ಬ್ಯಾಂಕೇ, ಸಾಲದ ರೊಕ್ಕ ಖರ್ಚು ಮಾಡಿದ್ದೂ ಬ್ಯಾಂಕೇ. 1857ರ ದಂಗೆಯಲ್ಲಿ ಹೈದರಾಬಾದ್ ಇಂಗ್ಲಿಷರ ಪರ ನಿಂತಿತು. ಪಕ್ಕದ ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ತಿರುಗಿಬಿದ್ದ, ಸಂಸ್ಥಾನ ಕಳ್ಕೊಂಡ. 1860ರಲ್ಲಿ ನಿಷ್ಠೆಗೆ ಬಹುಮಾನ ಬಂತು. ರಾಯಚೂರು, ಧಾರಾಶಿವ ನಿಜಾಮನಿಗೆ ವಾಪಸ್, ಸುರಪುರವೂ ಅವನಿಗೇ, 50 ಲಕ್ಷ ರೂಪಾಯಿ ಸಾಲ ಮನ್ನಾ. ಬೇರಾರ್ ಮಾತ್ರ ಕೊಡಲಿಲ್ಲ, ಅಲ್ಲಿ ಹತ್ತಿ ಚೆನ್ನಾಗಿ ಬೆಳೀತಿತ್ತು. ಹತ್ತಿಯೇ ಕಾರಣ ಅಂತ ಒಪ್ಪಂದದಲ್ಲಿ ಬರೆದಿಲ್ಲ. ಆದರೆ ಲಾಭದ ಬ್ರಾಂಚನ್ನ ಯಾರು ಬಿಟ್ಟುಕೊಡ್ತಾರೆ ಹೇಳ್ರಿ?

ಅದೇ 1860ರ ಹೊತ್ತಿಗೆ ಎದುರು ದಂಡೆಯಲ್ಲಿ ಇನ್ನೊಂದು ವ್ಯಾಪಾರ ಶುರುವಾಗಿತ್ತು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ರುಚಿ ಅನಿಸೋ ಭಾಗ ಇದು, ಸ್ವಲ್ಪ ಉದ್ದ ಹೇಳ್ತೀನಿ.

ಆರ್ಥರ್ ಕಾಟನ್ ಅನ್ನೋ ಎಂಜಿನಿಯರ್ ಗೋದಾವರಿಗೆ ಧವಳೇಶ್ವರದಲ್ಲಿ ಆನಿಕಟ್ ಕಟ್ಟಿಸಿ ದೊಡ್ಡ ಹೆಸರು ಮಾಡಿದ್ದ. ಬರ ಬೀಳುತ್ತಿದ್ದ ಡೆಲ್ಟಾ ಹಸಿರಾಗಿತ್ತು. ಅಲ್ಲಿ ಆದದ್ದು ಎಲ್ಲ ಕಡೆ ಆಗುತ್ತದೆ, ಹೊಳೆಗಳನ್ನ ಕಾಲುವೆಯಿಂದ ಜೋಡಿಸಿ ದೋಣಿಯನ್ನೂ ಓಡಿಸಬಹುದು, ರೈಲಿಗಿಂತ ಅಗ್ಗ ಅಂತ ಅವನ ವಾದ. ತುಂಗಭದ್ರೆಗೆ ಹೊಸಪೇಟೆ ಹತ್ತಿರ ದೊಡ್ಡ ಜಲಾಶಯ ಕಟ್ಟಬೇಕು ಅನ್ನೋ ಯೋಜನೆಯೂ 1860ರ ಸುಮಾರಿಗೆ ಅವನಿಂದಲೇ ಬಂದದ್ದು. ಅದು ಆಗೋಕೆ ಇನ್ನೂ ತೊಂಬತ್ತು ವರ್ಷ ಬೇಕಾಯಿತು. ಆಗ ಆದದ್ದು ಸಣ್ಣ ಭಾಗ. ರಾಜಲಬಂಡಾದಿಂದ ಕೆಳಗೆ, ಕರ್ನೂಲಿನ ಹತ್ತಿರ ಸುಂಕೇಸುಲದಲ್ಲಿ ಹೊಳೆಗೆ ಒಂದು ಆನಿಕಟ್, ಅಲ್ಲಿಂದ ಕಡಪದವರೆಗೆ ಸುಮಾರು 190 ಮೈಲಿ ಕಾಲುವೆ. ಇವತ್ತಿನ ಕೆಸಿ ಕೆನಾಲ್ ಅದೇ.

ಕಟ್ಟಿದ್ದು ಸರ್ಕಾರವಲ್ಲ. ಮದ್ರಾಸ್ ಇರಿಗೇಶನ್ ಕಂಪನಿ ಅಂತ ಒಂದು ಖಾಸಗಿ ಕಂಪನಿ, ಬಂಡವಾಳ ಇಂಗ್ಲೆಂಡಿನದು. ಹತ್ತು ಲಕ್ಷ ಪೌಂಡ್‌ಗೆ ಸರ್ಕಾರ ಶೇಕಡಾ 5 ಬಡ್ಡಿಯ ಗ್ಯಾರಂಟಿ ಕೊಟ್ಟಿತ್ತು. ಅಂದ್ರೆ ಕಾಲುವೆಯಲ್ಲಿ ನೀರು ಹರಿಯಲಿ ಬಿಡಲಿ, ರೈತ ನೀರು ತಗೊಳ್ಳಲಿ ಬಿಡಲಿ, ಷೇರುದಾರನಿಗೆ ವರ್ಷಕ್ಕೆ 50 ಸಾವಿರ ಪೌಂಡ್ ಖಾತ್ರಿ. ಯಾರ ಜೇಬಿನಿಂದ? ಇಲ್ಲಿನ ಕಂದಾಯದಿಂದ. ನಷ್ಟ ಆದರೂ ಬಡ್ಡಿ ಬರ್ತದ ಅಂದ್ರೆ ಖರ್ಚಿಗೆ ಯಾರು ಕಡಿವಾಣ ಹಾಕ್ತಾರೆ? ಅಂದಾಜು ಮೀರಿ ಖರ್ಚಾಯಿತು. 1871ರ ಹೊತ್ತಿಗೆ ಕಾಲುವೆ ತಯಾರಾಯಿತು. ದೋಣಿ ಸಾಗೋಕೆ ಲಾಕ್‌ಗಳನ್ನೂ ಕಟ್ಟಿದ್ದರು.

ಆದರೆ ರೈತ ಬರಲಿಲ್ಲ. ಯಾಕಂದ್ರೆ ಅಲ್ಲಿನ ನೆಲ ನಮ್ಮ ನೆಲದ ಹಾಗೇ, ಎರೆ ಭೂಮಿ. ಎರೆಯಲ್ಲಿ ಜೋಳ, ಹತ್ತಿ ಬಿತ್ತಿದರೆ ಒಳ್ಳೆ ವರ್ಷ ಮಳೆ ಸಾಕು, ಹಿಂಗಾರಿಗೆ ನೆಲದ ಹಸಿಯೇ ಸಾಕು. ನೀರು ನಿಲ್ಲಿಸಿದರೆ ಎರೆ ಕೆಡ್ತದ ಅಂತ ನಮ್ಮ ಹಿರಿಯರೂ ಅಂತಾರೆ. ಗೋದಾವರಿ ಡೆಲ್ಟಾದ ಲೆಕ್ಕವನ್ನ ಎರೆ ಸೀಮೆಗೆ ಕಾಪಿ ಪೇಸ್ಟ್ ಮಾಡಿದ್ದರು. ಮೇಲಾಗಿ ನೀರಿಗೆ ರೊಕ್ಕ ಕಟ್ಟಬೇಕಿತ್ತು. ಲಂಡನ್ನಿನಲ್ಲಿ ಕೂತು ಪ್ರಾಸ್ಪೆಕ್ಟಸ್ ಬರೆದವರಿಗೆ ಎರೆ ಮಣ್ಣಿನ ಗುಣ ಗೊತ್ತಿರಲಿಲ್ಲ, ಗೊತ್ತಿದ್ದ ರೈತನನ್ನ ಯಾರೂ ಕೇಳಲಿಲ್ಲ.

1876ರಿಂದ 78ರವರೆಗೆ ಮಹಾ ಬರಗಾಲ ಬಂತು. ಬಳ್ಳಾರಿ, ಕರ್ನೂಲು, ಕಡಪ ಮದ್ರಾಸ್ ಪ್ರಾಂತ್ಯದಲ್ಲೇ ಹೆಚ್ಚು ಸತ್ತ ಜಿಲ್ಲೆಗಳಲ್ಲಿ ಸೇರಿದ್ದವು, ಈಚೆ ದಂಡೆಯ ರಾಯಚೂರಿಗೂ ಅದೇ ಗತಿ. 1871ರಲ್ಲಿ ಮುಂಬಯಿ ರೈಲು ಮತ್ತು ಮದ್ರಾಸ್ ರೈಲು ರಾಯಚೂರಿನಲ್ಲೇ ಬಂದು ಕೂಡಿದ್ದವು, ನಮ್ಮ ಸ್ಟೇಷನ್ ದೊಡ್ಡ ಜಂಕ್ಷನ್ ಆಗಿತ್ತು. ರೈಲು ಇತ್ತು, ಕಾಲುವೆ ಇತ್ತು, ಜನ ಸತ್ತರು. ಪರಿಹಾರ ಕೆಲಸಕ್ಕೆ ಬಂದ ಆಳಿಗೆ ದಿನಕ್ಕೆ ಒಂದು ಪೌಂಡ್ ಕಾಳು ಮತ್ತು ಸ್ವಲ್ಪ ಚಿಲ್ಲರೆ ಸಾಕು ಅಂತ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಒಂದು ಪೌಂಡ್ ಅಂದ್ರೆ ಅರ್ಧ ಕಿಲೋಗೂ ಕಡಿಮೆ, ಅದೂ ಮೈಮುರಿದು ಕಲ್ಲು ಹೊತ್ತವನಿಗೆ. ಬರದ ಏಟಿಗೆ ರೈತರು ಕೆಸಿ ಕಾಲುವೆಯ ನೀರಿಗೆ ಬಂದರು. ಕಂಪನಿ ಮಾತ್ರ ಚೇತರಿಸಿಕೊಳ್ಳಲಿಲ್ಲ. 1882ರಲ್ಲಿ ಸರ್ಕಾರವೇ ಅದನ್ನ ಕೊಂಡಿತು. ಲಾಭ ಖಾಸಗಿ, ನಷ್ಟ ಸರ್ಕಾರಿ. ಇವತ್ತಿನ ಬಿಸಿನೆಸ್ ನ್ಯೂಸ್ ಓದೋರಿಗೆ ಇದು ಹೊಸದಲ್ಲ.

ಇಷ್ಟು ದೂರ ಕೆಸಿ ಕೆನಾಲ್ ಕಥೆ ಯಾಕೆ ಹೇಳಿದೆ ಅಂದ್ರೆ, ರಾಜಲಬಂಡಾಕ್ಕಿಂತ ಸುಮಾರು ತೊಂಬತ್ತು ವರ್ಷ ಮೊದಲೇ ಅದಕ್ಕಿಂತ ಕೆಳಗೆ ಒಂದು ಕಾಲುವೆ ಇತ್ತು. ನೀರಿನ ವಿಷಯದಲ್ಲಿ ಮೊದಲು ಬಳಸಿದವನಿಗೆ ಹಕ್ಕು ಗಟ್ಟಿ. ಭೂಗೋಳದಲ್ಲಿ ರಾಜಲಬಂಡಾ ಮೇಲೆ, ಹಿರಿತನದಲ್ಲಿ ಸುಂಕೇಸುಲ ಮೇಲೆ. ಜಗಳದ ಬೀಜ ಇಲ್ಲಿದೆ.

ಈಚೆ ದಂಡೆಗೆ ಬರೋಣ. ನಿಜಾಮನ ಸರ್ಕಾರ ಮತ್ತು ಮದ್ರಾಸ್ ಸರ್ಕಾರ ತುಂಗಭದ್ರಾ ನೀರಿಗಾಗಿ ದಶಕಗಟ್ಟಲೆ ಪತ್ರ ಬರೆದುಕೊಂಡವು. ಹೊಳೆ ಗಡಿಯಾಗಿದ್ದರಿಂದ ಒಬ್ಬರೇ ಅಡ್ಡ ಗೋಡೆ ಕಟ್ಟೋಕಾಗಲ್ಲ, ಗೋಡೆಯ ಇನ್ನೊಂದು ತುದಿ ಬೇರೆಯವರ ನೆಲದಲ್ಲಿ ಊರಬೇಕು. 1944ರಲ್ಲಿ ಒಪ್ಪಂದವಾಯಿತು. 1945ರ ಫೆಬ್ರವರಿ 28ರಂದು ಹೊಸಪೇಟೆ ಹತ್ತಿರ ಡ್ಯಾಂಗೆ ಎರಡು ಅಡಿಗಲ್ಲು ಹಾಕಿದರು, ಎಡದಂಡೆಯಲ್ಲಿ ನಿಜಾಮನ ಮಗ ಪ್ರಿನ್ಸ್ ಆಫ್ ಬೇರಾರ್, ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಒಂದೇ ಡ್ಯಾಂ, ಎರಡು ಪೂಜೆ. ಆ ಪ್ರಿನ್ಸ್ ಹೆಸರು ನೋಡ್ರಿ. ಬೇರಾರ್ ಕೈಬಿಟ್ಟು ತೊಂಬತ್ತು ವರ್ಷವಾಗಿತ್ತು, ಬಿರುದು ಮಾತ್ರ ಉಳಿದಿತ್ತು.

ಮರುವರ್ಷ, 1946ರಲ್ಲಿ, ರಾಜಲಬಂಡಾ ಕೆಲಸ ಶುರು. ನಿಜಾಮ ಸರ್ಕಾರದ ಲೆಕ್ಕ ಸರಳವಾಗಿತ್ತು. ಮಾನ್ವಿ ಸೀಮೆಯಲ್ಲಿ ಹೊಳೆಗೆ ಒಡ್ಡು ಹಾಕೋದು, ಎಡದಂಡೆಯಿಂದ 143 ಕಿಲೋಮೀಟರ್ ಕಾಲುವೆ ತೆಗೆಯೋದು, ಗದ್ವಾಲ್ ಮತ್ತು ಆಲಂಪುರದ ಒಣ ನೆಲಕ್ಕೆ ನೀರು ಕೊಡೋದು. ಮೊದಲ 42 ಚಿಲ್ಲರೆ ಕಿಲೋಮೀಟರ್ ಇಳಿಜಾರು ಕಾಯ್ದುಕೊಂಡು ಸಾಗೋದಕ್ಕೇ ಬೇಕು, ಅಲ್ಲಿ ಹೆಚ್ಚು ಹೊಲ ಇಲ್ಲ. ಹೊಳೆಗಿಂತ ಕಾಲುವೆ ನಿಧಾನಕ್ಕೆ ಇಳಿಯುತ್ತದೆ. ಹೊಳೆ ತಗ್ಗಿಗೆ ಹೋದ ಹಾಗೆ ಕಾಲುವೆ ಅದಕ್ಕಿಂತ ಎತ್ತರದಲ್ಲಿ ಉಳಿಯುತ್ತದೆ. ಆಗ ಕಾಲುವೆಗೂ ಹೊಳೆಗೂ ನಡುವಿನ ನೆಲಕ್ಕೆಲ್ಲ ನೀರು ಹರಿಸಬಹುದು. ಹಾಗಾಗಿ ಬಾಯಿ ಮಾನ್ವಿಯಲ್ಲಿ, ಹೊಟ್ಟೆ ಆಲಂಪುರದಲ್ಲಿ. ಇದರಲ್ಲಿ ಮೋಸ ಏನೂ ಇಲ್ಲ, ಬರೀ ಇಳಿಜಾರಿನ ಗಣಿತ.

ಮತ್ತೆ ಗಮನಿಸಿ, ಆಗ ಗದ್ವಾಲ್, ಆಲಂಪುರ ಪರದೇಶವಲ್ಲ. ಎರಡೂ ರಾಯಚೂರು ಜಿಲ್ಲೆಯೊಳಗೇ ಇದ್ದವು! ಮಾನ್ವಿ, ದೇವದುರ್ಗ, ಸಿಂಧನೂರು ಹೆಂಗೋ ಹಂಗೇ ಗದ್ವಾಲ್, ಆಲಂಪುರ. ಒಂದೇ ಜಿಲ್ಲೆಯ ಒಂದು ತಾಲೂಕಿನಿಂದ ಇನ್ನೊಂದು ತಾಲೂಕಿಗೆ ಹೋಗೋ ಕಾಲುವೆ ಇದು. ಕೆಲಸ ನಡೀತಿರುವಾಗ 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಆಡಳಿತವೇ ಮುಗಿಯಿತು, ಹೈದರಾಬಾದ್ ಭಾರತಕ್ಕೆ ಸೇರಿತು. ಕೆಲಸ ನಿಲ್ಲಲಿಲ್ಲ. ಆಮೇಲೆ 1956ರ ನವೆಂಬರ್ 1. ಭಾಷೆಯ ಮೇಲೆ ರಾಜ್ಯಗಳು. ಕನ್ನಡ ಹೆಚ್ಚಿದ್ದ ತಾಲೂಕುಗಳು ಮೈಸೂರಿಗೆ, ತೆಲುಗು ಹೆಚ್ಚಿದ್ದ ಗದ್ವಾಲ್, ಆಲಂಪುರ ಆಂಧ್ರದ ಮಹಬೂಬ್‌ನಗರ ಜಿಲ್ಲೆಗೆ.

ಭಾಷೆಗೆ ಗೆರೆ ಎಳೆದರು, ಕಾಲುವೆಯನ್ನ ಯಾರೂ ನೋಡಲಿಲ್ಲ. ನಾನು ಏಕೀಕರಣದ ವಿರೋಧಿ ಅಲ್ಲ, ಯಾರೂ ಕಾಮೆಂಟ್‌ನಲ್ಲಿ ಬೈಬೇಡ್ರಿ. ಆದರೆ ಹೊಳೆಯ ಒಡ್ಡು, ಬಾಗಿಲು, ಮೊದಲ 42 ಕಿಲೋಮೀಟರ್ ಕಾಲುವೆ ಒಂದು ರಾಜ್ಯದಲ್ಲಿ, ಉಳಿದ ನೂರು ಕಿಲೋಮೀಟರ್ ಮತ್ತು ಬಹುತೇಕ ಎಲ್ಲ ಹೊಲ ಇನ್ನೊಂದು ರಾಜ್ಯದಲ್ಲಿ ಬಿದ್ದಿದ್ದು ಆ ದಿನವೇ.

ಈಗ ಅಂಕಿ ನೋಡ್ರಿ. ಬಚಾವತ್ ನ್ಯಾಯಮಂಡಳಿ, ಅಂದ್ರೆ 1969ರಲ್ಲಿ ರಚನೆಯಾದ ಮೊದಲ ಕೃಷ್ಣಾ ನ್ಯಾಯಮಂಡಳಿ, ಆರ್‌ಡಿಎಸ್‌ಗೆ ಒಟ್ಟು 17.1 ಟಿಎಂಸಿ ಕೊಟ್ಟಿತು. ಅದರಲ್ಲಿ ಕರ್ನಾಟಕಕ್ಕೆ 1.2, ಆಗಿನ ಆಂಧ್ರಕ್ಕೆ, ಈಗ ತೆಲಂಗಾಣಕ್ಕೆ, 15.9. ಎಕರೆ ಲೆಕ್ಕ, ನಮ್ಮದು 5,879, ಅವರದು 87,500. ನೂರಕ್ಕೆ ಏಳು ಪಾಲು ನೀರು ನಮ್ಮದು, ಉಳಿದದ್ದು ಅವರದು. ನಮ್ಮವರು ಯಾಕೆ ನಡುವೆ ಸುಮ್ಮನೆ ನಿಂತಿರ್ತಾರೆ ಅನ್ನೋದಕ್ಕೆ ಅರ್ಧ ಉತ್ತರ ಇದು. ಮನೆ ನಮ್ಮದು, ಅಡುಗೆ ಅವರದು.

ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಲೀಟರ್‌ನಲ್ಲಿ ಸುಮಾರು 2,830 ಕೋಟಿ. ಕಾಲುವೆಯ ಬಾಯಿಯ ಸಾಮರ್ಥ್ಯ 850 ಕ್ಯೂಸೆಕ್ಸ್. ಸೆಕೆಂಡಿಗೆ 850 ಘನ ಅಡಿ, ದಿನಕ್ಕೆ 86,400 ಸೆಕೆಂಡ್, ಗುಣಿಸಿದರೆ ದಿನಕ್ಕೆ 7.3 ಕೋಟಿ ಘನ ಅಡಿ ಆಸುಪಾಸು. 17.1 ಟಿಎಂಸಿ ಪೂರ್ತಿ ಹರಿಯಬೇಕಂದ್ರೆ ಕಾಲುವೆ ಬಾಯಿ ತುಂಬಾ 233 ದಿನ ಹರಿಯಬೇಕು. ವರ್ಷದಲ್ಲಿ ಸುಮಾರು ಎಂಟು ತಿಂಗಳು! ಹೊಳೆ ಭರ್ತಿ ಇರೋದು ಎಷ್ಟು ದಿನ? ಜುಲೈ ಕೊನೆಯಿಂದ ಅಕ್ಟೋಬರ್, ಬಹಳ ಅಂದ್ರೆ ನವೆಂಬರ್. ಕಾಲುವೆಯಲ್ಲಿ ಹೂಳು ತುಂಬಿ ಪೂರ್ತಿ ಹರಿಯೋ ಶಕ್ತಿಯೂ ಕುಂದಿದೆ. ಹಾಗಾಗಿ ಕಾಗದದ ಮೇಲಿನ 15.9 ಹೊಲಕ್ಕೆ ಮುಟ್ಟೋದೇ ಇಲ್ಲ ಅಂತ ಆಲಂಪುರದ ರೈತರು ಕೂಗೋದು. ತೆಲಂಗಾಣ ಚಳವಳಿಯ ಕಾಲದಲ್ಲಿ ಕೆ. ಚಂದ್ರಶೇಖರ ರಾವ್ ಆಲಂಪುರದಿಂದ ಗದ್ವಾಲ್‌ಗೆ ಪಾದಯಾತ್ರೆ ಮಾಡಿದ್ದು ಇದೇ ನೀರಿಗಾಗಿ.

ಮಳೆಗಾಲ ಮುಗಿದ ಮೇಲೆ ನೀರು ಎಲ್ಲಿಂದ? ತುಂಗಭದ್ರಾ ಡ್ಯಾಂನಿಂದ. ಆರ್‌ಡಿಎಸ್‌ಗೆ 7 ಟಿಎಂಸಿ, ಕೆಸಿ ಕೆನಾಲ್‌ಗೆ 10 ಟಿಎಂಸಿ ಡ್ಯಾಂನ ಲೆಕ್ಕದಲ್ಲಿ ಸೇರಿದೆ. ಬೇಕಾದಾಗ ತುಂಗಭದ್ರಾ ಮಂಡಳಿಗೆ ಇಂಡೆಂಟ್ ಹಾಕಬೇಕು. ನೀರನ್ನ ಹೊಳೆಗೇ ಬಿಡ್ತಾರೆ, ಅದು ಹರಿದು ಬಂದು ರಾಜಲಬಂಡಾ ಮುಟ್ಟಬೇಕು. ದಾರಿಯಲ್ಲಿ ಎರಡೂ ದಂಡೆಗೆ ಪಂಪ್‌ಸೆಟ್, ಒಣಗಿದ ಮರಳು, ಮಡು. ಯಾರ ಹೆಸರಿಗೆ ಬಿಟ್ಟ ನೀರು ಯಾರದು ಅಂತ ನೀರಿನ ಮೇಲೆ ಬರೆದಿರಲ್ಲ. ಪಾರ್ಸೆಲ್ ಕಳಿಸಿದ್ದಕ್ಕೆ ರಸೀದಿ ಇದೆ, ಮುಟ್ಟಿದ್ದಕ್ಕೆ ಇಲ್ಲ.

ಅದಕ್ಕೆ ಸೇರಿಸ್ಕೊಳ್ರಿ, ಡ್ಯಾಂನ ಹೊಟ್ಟೆಯೇ ಸಣ್ಣದಾಗಿದೆ. ಕಟ್ಟಿದಾಗ 133 ಟಿಎಂಸಿ, ಈಗಿನ ಲೆಕ್ಕ 105.78. ಹೂಳಿಗೆ ಹೋದ 27 ಟಿಎಂಸಿ ಜಾಗ ಆರ್‌ಡಿಎಸ್‌ನ ಇಡೀ ವರ್ಷದ ಪಾಲಿಗಿಂತ ದೊಡ್ಡದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋದಾಗ ನಾವೆಲ್ಲ ಫೋನಿನಲ್ಲಿ ವಿಡಿಯೊ ನೋಡ್ತಾ ಕೂತಿದ್ವಿ. ನಮ್ಮ ಮನೆಯ ಹೊಲ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ಅಪ್ಪ ವಿಡಿಯೊ ಮುಗಿದ ಮೇಲೆ ಏನೂ ಮಾತಾಡದೆ ಎದ್ದು ಹೋಗಿ ಬೀಜದ ಚೀಲ ಒಳಗಿಟ್ಟರು. ಕೊನೆಭಾಗದವರಿಗೆ ಎಲ್ಲ ಸುದ್ದಿಯೂ ನೀರಿನ ಸುದ್ದಿಯೇ.

ಈಗ ತೂಬುಗಳಿಗೆ ಬರೋಣ, ನೆನಪಿಟ್ಕೊಳ್ರಿ ಅಂದಿದ್ದೆ. ತೂಬು ಮುಚ್ಚಿದ್ದರೆ ಹಿಂದಿನ ಕೆರೆಯ ಮಟ್ಟ ಏರುತ್ತದೆ, ಎಡದಂಡೆಯ ಕಾಲುವೆಗೆ ನೀರು ಹೋಗುತ್ತದೆ, ಆಲಂಪುರಕ್ಕೆ ಲಾಭ. ತೂಬು ತೆರೆದಿದ್ದರೆ ಮಟ್ಟ ಇಳಿಯುತ್ತದೆ, ಕಾಲುವೆಯ ಬಾಯಿ ಒಣಗುತ್ತದೆ, ನೀರು ಹೊಳೆಯಲ್ಲೇ ಮುಂದೆ ಸುಂಕೇಸುಲಕ್ಕೆ ಹೋಗುತ್ತದೆ, ಕರ್ನೂಲಿಗೆ ಲಾಭ. ಬೇಸಿಗೆಯ ಸಣ್ಣ ಹರಿವಿನಲ್ಲಿ ಇದು ಪೂರ್ತಿ ಈ ಕಡೆ ಅಥವಾ ಪೂರ್ತಿ ಆ ಕಡೆ. ತೂಬು ಒಡೆದರು, ಮುಚ್ಚಿದರು, ಗೋಡೆ ಮೇಲೆ ಮರಳಿನ ಚೀಲ ಇಟ್ಟರು, ತೆಗೆದರು ಅನ್ನೋ ಸುದ್ದಿ ದಶಕಗಳಿಂದ ಬರುತ್ತಲೇ ಇದೆ. ಗೋಡೆ ಇರೋದು ಕರ್ನಾಟಕದಲ್ಲಿ, ನಿರ್ವಹಣೆ ನಮ್ಮ ನೀರಾವರಿ ಇಲಾಖೆಯದು, ರಿಪೇರಿಗೆ ರೊಕ್ಕ ಕೊಡಬೇಕಾದವರು ಬಳಸೋರು, ರಿಪೇರಿ ಬೇಡ ಅನ್ನೋರು ಎದುರು ದಂಡೆಯವರು. ಆಧುನೀಕರಣದ ಕೆಲಸ ಕುಂಟುತ್ತಾ ಇರೋದಕ್ಕೆ ಕಾರಣ ಸಿಮೆಂಟ್ ಅಲ್ಲ.

ಇಬ್ಬರಲ್ಲಿ ಯಾರು ಸರಿ? ನನ್ನ ಅಭಿಪ್ರಾಯ ಕೇಳಿದರೆ, ಪಾಲಿನ ಪತ್ರ ತೆಲಂಗಾಣದ ಕಡೆ ಇದೆ. 15.9 ಅಂತ ಬರೆದಿದ್ದು ಬರೆದದ್ದೇ. ಆದರೆ ಕೋಸಿಗಿ, ಮಂತ್ರಾಲಯ ಕಡೆಯ ಬಲದಂಡೆಯ ರೈತ ದಿನಾ ಎದ್ದು ಕಣ್ಣೆದುರು ನೀರು ನೋಡ್ತಾನೆ, ಅವನ ಹೊಲಕ್ಕೆ ಕಾಲುವೆಯೇ ಇಲ್ಲ. ಅವನ ಹೊಟ್ಟೆಕಿಚ್ಚನ್ನ ಬರೀ ಗೂಂಡಾಗಿರಿ ಅಂತ ಬರೆದು ಮುಗಿಸೋಕಾಗಲ್ಲ. 2013ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆರ್‌ಡಿಎಸ್ ಬಲದಂಡೆ ಕಾಲುವೆಗೆ ಅಂತ 4 ಟಿಎಂಸಿ ಹೇಳಿತು. ಅದೇ ಸಣ್ಣ ಕೆರೆಗೆ ಇನ್ನೊಂದು ಬಾಯಿ. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಎರಡು ರಾಜ್ಯದ ಜಗಳ ಮೂರು ರಾಜ್ಯದ್ದಾಯಿತು, ತೆಲಂಗಾಣ ಈ ಬಲದಂಡೆ ಕಾಲುವೆಗೆ ಒಪ್ಪುತ್ತಿಲ್ಲ.

ನಮ್ಮ ಕಡೆಯ ರೈತರ ಮಾತೂ ಇದೆ. ಆ 42 ಕಿಲೋಮೀಟರ್ ಗುಂಟ ಇರೋ ಊರುಗಳವರು ಮನೆ ಮುಂದೆ ಹರಿಯೋ ಕಾಲುವೆಯನ್ನ ನೋಡ್ಕೊಂತ ಬೆಳೆದಿದ್ದಾರೆ, ಅದರಲ್ಲಿ ಅವರ ಪಾಲು ಅಷ್ಟರಲ್ಲೇ. ಪೈಪ್ ಹಾಕೋರು ಹಾಕ್ತಾರೆ. ತೆಲಂಗಾಣದ ಲೆಕ್ಕದಲ್ಲಿ ಅದು ಕಳವು, ನಮ್ಮ ಊರಿನ ಲೆಕ್ಕದಲ್ಲಿ ಅದು "ಏನ್ರೀ, ಮುಂದ ಹೊಂಟ ನೀರು". ಎಡದಂಡೆ ಕಾಲುವೆಯಲ್ಲಿ ಗಂಗಾವತಿ ಕಡೆಯವರು ನೀರು ಎತ್ತಿದಾಗ ನಮಗೆ ಬರೋ ಸಿಟ್ಟು, ನಮ್ಮವರು ಆರ್‌ಡಿಎಸ್‌ನಲ್ಲಿ ಎತ್ತಿದಾಗ ಆಲಂಪುರದವರಿಗೆ ಬರ್ತದೆ.

ಕೊನೆಗೆ ಒಂದು ವಿಚಿತ್ರ. ಆರ್‌ಡಿಎಸ್ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟೋದೇ ಇಲ್ಲ ಅಂತ ಆದ ಮೇಲೆ ತೆಲಂಗಾಣ ಸರ್ಕಾರ ತುಮ್ಮಿಳ್ಳ ಅನ್ನೋ ಊರ ಹತ್ತಿರ ಏತ ನೀರಾವರಿ ಮಾಡಿತು, 2018ರ ಹೊತ್ತಿಗೆ ಪಂಪ್ ಚಾಲೂ ಆದವು. ಅವು ನೀರು ಎತ್ತೋದು ಎಲ್ಲಿಂದ ಗೊತ್ತಾ? ಸುಂಕೇಸುಲದ ಹಿನ್ನೀರಿನಿಂದ. ಲಂಡನ್ನಿನ ರೊಕ್ಕದಲ್ಲಿ ಕಟ್ಟಿದ ಹಳೆಯ ಆನಿಕಟ್ ಈಗಿಲ್ಲ, ಅಲ್ಲಿ ಗೇಟ್ ಇರೋ ಹೊಸ ಬ್ಯಾರೇಜ್ ಇದೆ, ಆದರೆ ಹೊಳೆಯೊಳಗಿನ ಆ ಕೆರೆ ನಿಂತಿರೋದು ಅಲ್ಲೇ. ರಾಜಲಬಂಡಾದಲ್ಲಿ ಬಾಗಿಲು ದಾಟದೆ ಕೆಳಗೆ ಹರಿದು ಹೋದ ನೀರನ್ನ ಅಲ್ಲಿ ಹಿಡಿದು, ಕರೆಂಟ್ ಬಿಲ್ ಕಟ್ಟಿ ಮೇಲೆತ್ತಿ, ಮೊದಲು ಹೋಗಬೇಕಿದ್ದ ಅದೇ ಕಾಲುವೆಗೆ ಹಾಕ್ತಾರೆ.

ಮುಂದಿನ ಸಂಚಿಕೆ ನವಲಿ ಹತ್ತಿರ ಡ್ಯಾಂನ ಹೂಳಿನ ಬದಲು ಸಮತೋಲನ ಜಲಾಶಯ ಕಟ್ಟೋ ಪ್ರಸ್ತಾಪದ ಮೇಲೆ. ನಿಮ್ಮ ಊರಿನ ಕಾಲುವೆಗೆ ಕಳೆದ ಸೀಜನ್ ಎಷ್ಟು ದಿನ ನೀರು ಬಂತು ಅಂತ ದಿನಾಂಕ ಸಮೇತ ವಾಯ್ಸ್ ನೋಟ್ ಕಳಿಸ್ರಿ.